ಬಿಗಿಯಣ್ಣನ ಕ್ಲಾಂಪು, ಅಕ್ಕನ ಪರೀಕ್ಷೆ

ಬೆಳಗಿನ ಐದೂವರೆ. ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಬಿಗಿಯಣ್ಣ ಮುರಿದ ಮಂಚದ ಕಬ್ಬಿಣದ ಪಟ್ಟಿಗೆ ಅರ ಉಜ್ಜುತ್ತಿದ್ದಾರೆ. ಏಳಾಗುವ ತನಕ ಸುತ್ತಿಗೆ ಮುಟ್ಟುವುದಿಲ್ಲ. "ಮಲಗಿರೋರ ಶಾಪ ನಮಗ್ಯಾಕೆ ಸ್ವಾಮಿ?" ಎನ್ನುತ್ತಾರೆ.

ಹಲಗೆಗೆ ಹಲಗೆ ಅಂಟಿಸಿದಾಗ, ಅಂಟು ಒಣಗುವ ತನಕ ಅದುಮಿ ಹಿಡಿಯುವ ಕ್ಲಾಂಪುಗಳನ್ನು ಇವರು ಗುಜರಿಯಿಂದ ಮಾಡುತ್ತಾರೆ. ಮಂಚದ ಪಟ್ಟಿ ಅದರ ಬೆನ್ನು, ಹಳೇ ಜಾಕಿನದು ತಿರುಪು. ಮೂವತ್ತೆರಡು ವರ್ಷದ ಕಸುಬು. ಸುತ್ತಲಿನ ಬಡಗಿಗಳ ಮೇಜು, ಬಾಗಿಲುಗಳೆಲ್ಲ ಇವರ ಹಿಡಿತದಲ್ಲೇ ಒಣಗಿವೆ. ಬಿಗಿಯಣ್ಣ ಎಂಬ ಅಡ್ಡಹೆಸರಿಟ್ಟವರೂ ಆ ಬಡಗಿಗಳೇ, ನಿಜವಾದ ಹೆಸರು ಯಾರಿಗೆ ಬೇಕು, ಬಿಡಿ! ದಿನಕ್ಕೆ ಏಳು ಮಾಡುತ್ತಿದ್ದವರು ಈಗ ಮೂರು ಮಾಡಿದರೆ ಹೆಚ್ಚು.

ಕಾರಣ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿರುವ ಅವರ ಹೆಂಡತಿ. ಕ್ಲಾಂಪುಗಳನ್ನು ಪರೀಕ್ಷಿಸುತ್ತಿದ್ದವರು ಆಕೆಯೇ. ಎರಡು ಹಲಗೆಗಳ ನಡುವೆ ಕಾಗದದ ಚೂರಿಟ್ಟು, ಮೂರೇ ಬೆರಳಲ್ಲಿ ತಿರುಪು ಬಿಗಿದು, ಕಾಗದ ಎಳೆಯುವರು. ಜಾರಿತೋ, ಮುಗಿಯಿತು. "ಥೂ, ಇದನ್ನ ಯಾರಿಗ್ರೀ ಕೊಡ್ತೀರಿ?" ಎಂದು ಎಸೆದೇಬಿಡುವರು. ಗಂಡನೆಂಬ ಮುಲಾಜು ಎಳ್ಳಷ್ಟೂ ಇರಲಿಲ್ಲ. "ಅವಳ ಕೈಗೆ ತಿರುಗಿದ್ರೆ ಯಾರ ಕೈಗಾದ್ರೂ ತಿರುಗುತ್ತೆ, ಅದೇ ನಮ್ಮ ಅಳತೆ," ಎನ್ನುತ್ತಾರೆ ಬಿಗಿಯಣ್ಣ.

ಹೋದ ವರ್ಷ ಪಾರ್ಶ್ವವಾಯು ಬಡಿದು ಆಕೆಯ ಬಲಗೈ ಸ್ವಾಧೀನ ತಪ್ಪಿತು. ಮಾತೂ ಹೋಯಿತು; ಉಳಿದಿರುವುದು "ಸರಿ" ಎಂಬ ಒಂದೇ ಒಂದು ಪದ. ಬಿಗಿಯಣ್ಣ ತಾವೇ ಪರೀಕ್ಷೆಗಿಳಿದರು. ಎಡವಿದ್ದು ಅಲ್ಲೇ. ತಿರುಪು ಎಷ್ಟು ಒರಟಾಗಿದ್ದರೂ ಸುತ್ತಿಗೆ ಹಿಡಿದ ಕೈಗೆ ಲೆಕ್ಕವಿಲ್ಲ. ಹದಿನಾಲ್ಕು ಕ್ಲಾಂಪು ಹಾಗೇ ಬಡಗಿಗಳ ಕೈ ಸೇರಿದವು. ಮೂರನೇ ದಿನ ಬಡಗಿಯೊಬ್ಬ ಒಂದನ್ನು ವಾಪಸು ತಂದ. "ಅಣ್ಣಾ, ಇದನ್ನ ತಿರುಗಿಸೋಕೆ ನಿಮ್ಮ ಕೈಯೇ ಬೇಕು. ಅಕ್ಕ ನೋಡ್ಲಿಲ್ವಾ?" ಎಂದ. ಪಾಪ, ಅವನಿಗೆ ಗೊತ್ತಿರಲಿಲ್ಲ. ಬಿಗಿಯಣ್ಣ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರಂತೆ.

ಈಗ ಪ್ರತಿಯೊಂದನ್ನೂ ಹೆಂಡತಿಯ ಎಡಗೈಗೆ ಕೊಡುತ್ತಾರೆ. ಆಕೆ ಮೆಲ್ಲಗೆ ತಿರುಗಿಸುತ್ತಾರೆ. ಕಾಗದ ಜಾರಿ ಬಂದರೂ ನಗುತ್ತಾ "ಸರಿ" ಎನ್ನುತ್ತಾರೆ. ಜಾರಿದ್ದನ್ನು ಬಿಗಿಯಣ್ಣ ಮತ್ತೆ ಉಜ್ಜಲು ಕೂರುತ್ತಾರೆ, ದಿನಕ್ಕೆ ಮೂರೇ ಆಗುವುದು ಅದಕ್ಕೇ. ನಿನ್ನೆ ಬಿಗಿಯಣ್ಣ ಬೇಕೆಂದೇ ಸೊಟ್ಟಗಿರುವುದೊಂದನ್ನು ಮಾಡಿಕೊಟ್ಟರು. ಅದಕ್ಕೂ "ಸರಿ."

ಇನ್ನೇನು ಆಸೆ ಎಂದು ಕೇಳಿದರೆ ಬಿಗಿಯಣ್ಣ ಅರ ಕೆಳಗಿಡುತ್ತಾರೆ.

"ದೊಡ್ಡದೇನಿಲ್ಲ. ಅವಳ ಬೈಗುಳ ಕೇಳೀ ಕೇಳೀ ಕಿವಿ ತೂತು ಬಿದ್ದಿತ್ತು. ಇನ್ನೊಂದೇ ಒಂದ್ಸಲ ಎಸೀಲಿ. ನನ್ನ ಕಾಲ್ಮೇಲೇ ಬೀಳಲಿ."