ದೀಪ ಇಳಿಸುವ ಕೈ

ಮುನೀರಾಬಾಯಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರುವುದಿಲ್ಲ. ಇದು ನಮ್ಮ ಠಾಣೆಯಲ್ಲಿ ಎಲ್ಲರಿಗೂ ಗೊತ್ತು. ಬಸ್ಸು ಹತ್ತಿದರೆ ಬಾಗಿಲ ಪಕ್ಕದ ಸೀಟೇ ಬೇಕು. ಮೈ ಕೊರೆಯುವ ಚಳಿಯಲ್ಲೂ ಜೀಪಿನ ಪರದೆ ಎತ್ತಿ ಕಟ್ಟಬೇಕು. ಹದಿನಾಲ್ಕು ವರ್ಷ ಆಕೆಯನ್ನು ಕೂರಿಸಿಕೊಂಡು ಊರೂರು ತಿರುಗಿದ ಡ್ರೈವರ್ ನಾನು, ಗಜೇಂದ್ರಗಡದ ಕಳಕೇಶ. ಆ ಗಾಳಿಗೆ ನನಗೆ ಬಂದ ನೆಗಡಿಗೆ ಲೆಕ್ಕವಿಲ್ಲ. "ಮೇಡಂ, ನಿಮ್ಮನ್ನ ಲಾಕಪ್ಪಿನ್ಯಾಗ ಕುಂದ್ರಿಸಿದ್ರ ಕಳ್ಳರಗಿಂತ ಮೊದಲ ನೀವ ತಪ್ಪು ಒಪ್ಕೊಂತೀರಿ ನೋಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದೆ. ನಗುತ್ತಿದ್ದಳು. ಕಾರಣ ಮಾತ್ರ ಹೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೆಡ್ ಕಾನ್‌ಸ್ಟೇಬಲ್, ವಯಸ್ಸು ನಲವತ್ತೊಂದು, ಹುಟ್ಟೂರು ಜಕ್ಕಲಿ. ಆಕೆಯ ತಂದೆ ಸುಭಾನಸಾಬ ಊರವರ ಹಗೇವಿಗೆ ಇಳಿದು ಜೋಳ ತೆಗೆದುಕೊಡುವ ಕೆಲಸ ಮಾಡುತ್ತಿದ್ದ. ಹಗೇವು ಎಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಕಾಳು ಇಡಲು ನೆಲದೊಳಗೆ ತೋಡಿದ ಕೋಣೆ ಅದು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಬಾಯಿಗೊಂದು ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಹಸಿ ಮಣ್ಣು ಮೆತ್ತಿದರೆ ಹನಿ ನೀರೂ ಒಳಗೆ ಹೋಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ. ಗೋದಾಮುಗಳು ಬಂದ ಮೇಲೆ ಹಗೇವುಗಳು ಖಾಲಿ ಬಿದ್ದವು.

ಈ ಮಳೆಗಾಲದಲ್ಲಿ ಕೊಣ್ಣೂರಿನ ಸೇತುವೆಯ ಮೇಲೆ ಮಲಪ್ರಭೆ ಹರಿದಾಗ ಮುನೀರಾಬಾಯಿ ಬಂದೋಬಸ್ತಿಗೆ ಹೋಗಿದ್ದಳು. ನುಗ್ಗಿದ ಜನರ ಒತ್ತಡಕ್ಕೆ ಕಬ್ಬಿಣದ ತಡೆಗಂಬಿ ಮೈಮೇಲೆ ಬಿದ್ದು ಎಡಗಾಲು ಮುರಿಯಿತು. ಮೊಣಕಾಲತನಕ ಪ್ಲಾಸ್ಟರ್, ಕಂಕುಳಲ್ಲಿ ಊರುಗೋಲು. ಮನೆಯಲ್ಲಿ ನಾಲ್ಕು ಗೋಡೆ ನೋಡುತ್ತ ಮಲಗಿದರೆ ಹುಚ್ಚು ಹಿಡಿಯುತ್ತದೆ ಎಂದು ಎರಡೇ ವಾರಕ್ಕೆ ಠಾಣೆಗೆ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡಳು. ಪ್ಲಾಸ್ಟರಿನೊಳಗೆ ಸ್ಕೇಲು ತೂರಿಸಿ ಕೆರೆದುಕೊಳ್ಳುವಾಗ ಆಕೆಯ ಮುಖ ನೋಡಲಾಗುತ್ತಿರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಜಕ್ಕಲಿಯ ಚನ್ನವ್ವ ಅಳುತ್ತ ಬಂದಳು. ಮಗಳು ಶೈಲಶ್ರೀ ರವಿವಾರ ಸಂಜೆಯಿಂದ ಕಾಣೆ. ಹದಿನಾರು ವರ್ಷ, ಪಿಯುಸಿ ಮೊದಲ ವರ್ಷ. ನಮ್ಮ ಸಾಹೇಬರು ಗದಗ, ಹುಬ್ಬಳ್ಳಿ ಬಸ್‌ಸ್ಟ್ಯಾಂಡುಗಳಿಗೆ ಜನ ಕಳಿಸಿದರು. ಮುನೀರಾಬಾಯಿ ಚನ್ನವ್ವನಿಗೆ ಚಹಾ ಕುಡಿಸಿ, ಅಡ್ಡಾದಿಡ್ಡಿ ಮಾತಾಡಿಸಿ, ಮುಚ್ಚಿಟ್ಟಿದ್ದನ್ನು ಹೊರಗೆ ತೆಗೆದಳು. ಗುರುವಾರ ನರಗುಂದದಲ್ಲಿ ಹುಡುಗಿಯ ಮದುವೆ. ಪತ್ರಿಕೆ ಇಲ್ಲ, ಹಂದರ ಇಲ್ಲ, ಗುಟ್ಟಾಗಿ ಮುಗಿಸುವ ಏರ್ಪಾಡು. ಗೊತ್ತು ಮಾಡಿದವನು ಹುಡುಗಿಯ ದೊಡ್ಡಪ್ಪ ಗುರುಸಂಗಪ್ಪ. ತಂದೆಯಿಲ್ಲದ ಮನೆಯಲ್ಲಿ ಅವನದೇ ಮಾತು.

"ನಿನ್ನ ಮಗಳು ಮನಸಿನ ಮಾತು ಯಾರ ಮುಂದ ಆಡತಿದ್ಲು?"

"ನಮ್ಮ ಅತ್ತಿ ಮುಂದರಿ. ಅಜ್ಜಿ ಮೊಮ್ಮಗಳು ಒಂದ ಜೀವ. ಆದ್ರ ಇವತ್ತ ಬೆಳಿಗ್ಗೆ ಅತ್ತಿಗೆ ಲಕ್ವಾ ಹೊಡೀತ್ರಿ. ಮಾತು ಬಿದ್ದೈತಿ. ರೋಣದ ದವಾಖಾನ್ಯಾಗ ಅದಾರ."

ಬುಧವಾರ ಬೆಳಿಗ್ಗೆ ದವಾಖಾನೆಗೆ ಹೋದೆವು. ಆ ಅಜ್ಜಿ, ಕರೆವ್ವ, ಒಂದು ಪಕ್ಕ ಸತ್ತಂತೆ ಬಿದ್ದಿದ್ದಳು. ಎಡಗೈ ಮಾತ್ರ ಆಡುತ್ತಿತ್ತು. ಕಣ್ಣು ಬಾಗಿಲಿಗೂ ಸೊಸೆಗೂ ಓಡಾಡುತ್ತಿದ್ದವು, ಬಾಯಿಂದ ಬರೀ ಗೊರಗೊರ. ಮೈಯೊಳಗೇ ಸಿಕ್ಕಿಬಿದ್ದ ಮನುಷ್ಯರನ್ನು ನೋಡಬೇಕೆಂದರೆ ಅವಳನ್ನು ನೋಡಬೇಕಿತ್ತು.

"ನಿನ್ನೆಯಿಂದ ಹಿಂಗ ಕೈ ಮಾಡ್ತಾರ್ರಿ, ನೀರು ಸೇದೋ ಹಂಗ" ಎಂದಳು ಚನ್ನವ್ವ. "ಅದಕ್ಕ ಊರಾಗಿನ ಬಾವಿ ಎಲ್ಲಾ ಹುಡುಕಸಾಕತ್ತೀವಿ. ನನ್ನ ಕೂಸು ಬಾವಿಗೆ ಬಿದ್ದೈತೇನೋ..."

ಮುನೀರಾಬಾಯಿ ಹಾಸಿಗೆಯ ತುದಿಯಲ್ಲಿ ಕೂತು ಆ ಕೈಯನ್ನೇ ನೋಡಿದಳು. ಮುದುಕಿಯ ಮುಷ್ಟಿ ತುಸು ಸಡಿಲಾಗುತ್ತಿತ್ತು, ಕೆಳಗೆ ಜಾರುತ್ತಿತ್ತು, ನಿಲ್ಲುತ್ತಿತ್ತು. ಮತ್ತೆ ಸಡಿಲು, ಮತ್ತೆ ಕೆಳಗೆ. ನೀರು ಸೇದುವ ಕೈ ಮೇಲಕ್ಕೆ ಎಳೆಯುತ್ತದೆ. ಇದು ಏನನ್ನೋ ಮೆಲ್ಲಗೆ ಕೆಳಗೆ ಬಿಡುವ ಕೈ. ಪ್ರತಿಸಲ ಕೈ ನಿಂತಾಗ ಮುದುಕಿ ಬಗ್ಗಿ ನೋಡುವವಳಂತೆ ಕಣ್ಣು ಕೆಳಗಿಳಿಸುತ್ತಿದ್ದಳು.

ನೋಡನೋಡುತ್ತ ಮುನೀರಾಬಾಯಿಯ ಮುಖದ ರಕ್ತ ಇಳಿಯಿತು. "ಅಮ್ಮಾ, ನಿಮ್ಮ ದನದ ಕೊಟ್ಟಿಗ್ಯಾಗಿನ ಹಗೇವೇನ್ರಿ?" ಎಂದಳು.

ಮುದುಕಿಯ ಕೈ ನಿಂತಿತು. ಕಣ್ಣಿಂದ ದಳದಳ ನೀರು ಸುರಿಯಿತು.

"ಕಳಕೇಶಣ್ಣ, ಗಾಡಿ ತಗಿ. ಲಗೂ!"

ಜಕ್ಕಲಿಯ ದಾರಿಯಲ್ಲಿ ಆಕೆ ಮೊದಲ ಸಲ ಬಾಯಿಬಿಟ್ಟಳು. ಹಿಂದೆ ಕೂತ ಚನ್ನವ್ವನಿಗೆ ಕೇಳಿಸದಂತೆ, ಮುಂದಿನ ರಸ್ತೆ ನೋಡುತ್ತಲೇ ಹೇಳಿದಳು. ಹಗೇವು ತೆರೆದ ಕೂಡಲೇ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ಇರುತ್ತದೆ. ಮೊದಲು ಹಗ್ಗ ಕಟ್ಟಿ ದೀಪ ಇಳಿಸಬೇಕು. ಉರಿದರೆ ಇಳಿಯಬಹುದು, ಆರಿದರೆ ಕಾಯಬೇಕು. ಆಕೆಗೆ ಒಂಬತ್ತು ವರ್ಷವಿದ್ದಾಗ ತಂದೆಗೆ ಜ್ವರ ಬಂದು, ಅಣ್ಣ ಇನಾಯತ ಗುರುಸಂಗಪ್ಪನ ಮನೆಯ ಹಗೇವಿಗೆ ಹೋಗಿದ್ದ. ದೀಪ ಇಳಿಸಿದವಳು ಈಕೆ.

"ದೀಪ ಆರಿತು, ಕಳಕೇಶಣ್ಣ. ಗಾಳಿಗೆ ಆರಿತು ಅಂದ್ಕೊಂಡೆ. ಮ್ಯಾಲೆ ಎಳದು ಮತ್ತ ಹಚ್ಚಿ ಕೈಯಾಗ ಹಿಡಕೊಂಡೆ. ಇನಾಯತ ಭಾಯಿಜಾನ್ ಕೇಳಿದ, ಹ್ಯಾಂಗೈತಿ ಅಂತ. 'ದೀಪ ಉರಿಯಾಕತ್ತೈತಿ' ಅಂದೆ. ಅವ ಇಳದ."

ಗೇರು ಬದಲಿಸಿದೆ. ಇನಾಯತ ಸತ್ತಂದಿನಿಂದ ಆ ಹಗೇವನ್ನು ಯಾರೂ ತೆರೆದಿರಲಿಲ್ಲ, ಮಕ್ಕಳು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಮೊಮ್ಮಗಳನ್ನು ಬಚ್ಚಿಡಲು ಕರೆವ್ವ ಅದನ್ನೇ ಆರಿಸಿದ್ದು ಅದಕ್ಕೇ.

ಕೊಟ್ಟಿಗೆಗೆ ಹೋಗಿ ನೋಡಿದರೆ ಚಪ್ಪಡಿಯ ಸುತ್ತ ಹೊಸ ಮಣ್ಣು. ಬೆರಳು ಒತ್ತಿದರೆ ಇನ್ನೂ ಮೆತ್ತಗಿತ್ತು.

"ಇದನ್ನ ಯಾರು ಮೆತ್ತಿದ್ರಿ?"

"ನಾನರಿ" ಎಂದ ಗುರುಸಂಗಪ್ಪ. ಅರವತ್ತರ ಆಳು, ಗಟ್ಟಿ ದನಿ. "ನಿನ್ನೆ ಮುಂಜಾನೆ ಅವ್ವನ್ನ ದವಾಖಾನಿಗೆ ಕಳಿಸಿ ಬಂದು ನೋಡಿದ್ರ ಕಲ್ಲು ಒಂದ ಗೇಣು ಸರದಿತ್ತು. ದನ ತುಳದಿರಬೇಕು ಅಂದ್ಕೊಂಡೆ. ಮಳಿ ಬ್ಯಾರೆ ಬರೂ ಹಂಗಿತ್ತು. ಆಕಳ ಕಾಲು ಸಿಕ್ಕೀತಂತ ಎಳದು ಮೆತ್ತಿಸಿದೆ."

ಮಾತು ಮುಗಿಯುವಷ್ಟರಲ್ಲಿ ಅವನಿಗೇ ಹೊಳೆಯಿತು, ಅದು ಗಾಳಿಗೆಂದು ಅವ್ವ ಬಿಟ್ಟ ಸಂದು. ಗುದ್ದಲಿ ತಂದು ಹುಚ್ಚನಂತೆ ಮಣ್ಣು ಕಿತ್ತ. ಅವನೂ ನಾನೂ ಹಾರೆ ಹಾಕಿ ಕಲ್ಲು ಸರಿಸಿದೆವು. ಒಳಗಿನಿಂದ ಮುಗ್ಗಲು ವಾಸನೆ ಬಂತು. ಚನ್ನವ್ವ ಹಗೇವಿನ ಬಾಯಿಗೆ ಮುಖವಿಟ್ಟು ಮಗಳನ್ನು ಕೂಗಿದಳು. ಉತ್ತರವಿಲ್ಲ. ಗುರುಸಂಗಪ್ಪ ಅಂಗಿ ಕಿತ್ತೊಗೆದು ಕಾಲು ಇಳಿಬಿಟ್ಟ. ಮುನೀರಾಬಾಯಿ ಊರುಗೋಲನ್ನು ಅವನ ಎದೆಗೆ ಅಡ್ಡ ಹಿಡಿದಳು.

"ದೀಪ ತರ್ರಿ ಮೊದಲ."

ದೇವರ ಜಗುಲಿಯ ಹಣತೆ ಬಂತು. ಅದನ್ನು ಬಕೀಟಿನಲ್ಲಿಟ್ಟು ಆಕೆಯೇ ಹಗ್ಗ ಬಿಟ್ಟಳು. ಒಂದಾಳುದ್ದ ಇಳಿದಿರಲಿಲ್ಲ, ದೀಪ ಆರಿತು.

"ಗಾಳಿಗೆ ಆರೈತ್ರಿ!" ಎಂದ ಗುರುಸಂಗಪ್ಪ. ಹೊರಗೆ ನಿಜವಾಗಿಯೂ ಗಾಳಿ ಬೀಸುತ್ತಿತ್ತು. "ಬಿಡ್ರಿ, ಇಳೀತೀನಿ."

"ಗಾಳಿಗೆ ಆರಿಲ್ಲ. ಯಾರೂ ಇಳೀಬ್ಯಾಡ್ರಿ. ಬೇವಿನ ಟೊಂಗಿ ಕಡಕೊಂಡು ಬರ್ರಿ, ಎಷ್ಟು ಸಿಕ್ಕರ ಅಷ್ಟು."

ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಬಾಯಿಯಲ್ಲಿ ಇಳಿಸಿ ಎತ್ತಿ, ಇಳಿಸಿ ಎತ್ತಿ ಒಳಗಿನ ಗಾಳಿ ಕಲಕಬೇಕು. ಸುಭಾನಸಾಬನ ಪದ್ಧತಿ ಅದು. ನಾನೂ ಗುರುಸಂಗಪ್ಪನೂ ಎಳೆದೆವು. ಚನ್ನವ್ವನಿಗೆ ತಡೆಯಲಾಗಲಿಲ್ಲ. "ನನ್ನ ಮಗಳು ಸಾಯಾಕತ್ಯಾಳ, ನೀ ಇಲ್ಲಿ ದೀಪದ ಆಟ ಆಡ್ತೀಯೇನ!" ಎಂದು ಮುನೀರಾಬಾಯಿಯ ಬೆನ್ನಿಗೆ ಎರಡೂ ಕೈಯಿಂದ ಗುದ್ದಿದಳು. ಮುನೀರಾಬಾಯಿ ತಿರುಗಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ಗುದ್ದು ತಿನ್ನುತ್ತಲೇ ಎರಡನೇ ಸಲ ದೀಪ ಇಳಿಸಿದಳು. ಮೊದಲಿಗಿಂತ ತುಸು ಕೆಳಗೆ ಹೋಗಿ ಆರಿತು. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಹುಡುಗಿ ಸತ್ತರೆ ಈಕೆಯ ಹಠದಿಂದಲೇ ಸತ್ತಳು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಕಾಲು ತಾಸಾಗಿರಬೇಕು. ಒಳಗೆ ಯಾರೋ ಕೆಮ್ಮಿದರು.

ಮೂರನೇ ದೀಪ ತಳ ಮುಟ್ಟಿ ಉರಿಯುತ್ತ ನಿಂತಿತು. ಆ ಬೆಳಕಿನಲ್ಲಿ ಗೋಡೆಗೆ ಆನಿಸಿಟ್ಟ ಹಳೇ ಚೀಲಗಳ ರಾಶಿ ಕಂಡಿತು, ಅದರ ಮೇಲೆ ಮುದುಡಿ ಕೂತ ಹುಡುಗಿ ಕಂಡಳು. ಕೆಟ್ಟ ಗಾಳಿ ತಳದಲ್ಲಿ ನಿಲ್ಲುತ್ತದೆ, ಮೇಲೆ ಕೂತಿದ್ದಕ್ಕೇ ಉಳಿದಿದ್ದಳು. ಗುರುಸಂಗಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, "ಬಂದ್ನಿ ಶೈಲವ್ವಾ" ಎಂದು ಕೂಗಿದ.

"ದೊಡ್ಡಪ್ಪ ಬರೂದು ಬ್ಯಾಡ" ಎಂಬ ಸಣ್ಣ ದನಿ ಬಂತು. "ಮ್ಯಾಲೆ ಬಂದ್ರ ನಾಳೆ ಮದುವಿ ಮಾಡ್ತೀರಿ. ನಾ ಇಲ್ಲೇ ಇರ್ತೀನಿ."

"ಮದುವಿ ಇಲ್ಲ ನನ್ನವ್ವಾ, ನಿನ್ನಾಣಿ ಇಲ್ಲ" ಎಂದು ಆ ಗಟ್ಟಿ ದನಿಯ ಮನುಷ್ಯ ಸೆಗಣಿಯ ಮೇಲೇ ಕುಸಿದು ಅತ್ತ. ಹುಡುಗಿ ನಂಬಲಿಲ್ಲ. ಚನ್ನವ್ವ ಕರೆದಳು, ಆಗಲೂ ನಂಬಲಿಲ್ಲ. ಮದುವೆಗೆ ತಾಯಿಯೂ ಹೂಂ ಅಂದವಳೇ ಅಲ್ಲವೇ.

ಮುನೀರಾಬಾಯಿ ಹಗೇವಿನ ಅಂಚಿನಲ್ಲಿ ಕೂತು ಒಳಗೆ ನೋಡಿದಳು. ಆಮೇಲೆ ಹಗ್ಗಕ್ಕೆ ಕೈ ಚಾಚಿದಳು.

"ಮೇಡಂ, ಆ ಕಾಲಾಗ ಬ್ಯಾಡ್ರಿ" ಎಂದೆ.

"ಕಾಲಿಂದೇನಿಲ್ಲ, ಅಣ್ಣ. ಗಟ್ಟಿ ಹಿಡಿ."

ಪ್ಲಾಸ್ಟರು ಕಲ್ಲಿಗೆ ಬಡಿದಾಗ ಆಕೆ ಹಲ್ಲು ಕಡಿದದ್ದು ಮೇಲಿನತನಕ ಕೇಳಿಸಿತು. ಒಳಗೆ ಏನು ಮಾತಾಡಿಕೊಂಡರೋ ತಿಳಿಯದು. ತುಸು ಹೊತ್ತಿಗೆ, "ಎಳೀರಿ" ಎಂದಳು. ಹುಡುಗಿ ಮೇಲೆ ಬಂದಳು. ಮುಖವೆಲ್ಲ ಮಣ್ಣು, ತುಟಿ ಕಪ್ಪಿಟ್ಟಿದ್ದವು. ತಾಯಿಯ ತೊಡೆಯ ಮೇಲೆ ಮಲಗಿ, ಗಾಳಿ ಎಳೆದುಕೊಳ್ಳುತ್ತ ಹೇಳಿದಳು: "ಮಣ್ಣು ಮೆತ್ತೂ ಸಪ್ಪಳ ಕೇಳಿತ್ತವ್ವಾ. ನಾ ಯಾರಿಗೂ ಸಿಗಬಾರದಂತ ಅಜ್ಜೀನ ಮೆತ್ತಸಾಕತ್ಯಾಳ ಅಂದ್ಕೊಂಡೆ. ಅದಕ್ಕ ಒದರಲಿಲ್ಲ. ಆಮ್ಯಾಲೆ ಒದರಿದ್ರ ಯಾರಿಗೂ ಕೇಳಲಿಲ್ಲ."

ಕಾಗದಪತ್ರದ ಕತೆ ಇಲ್ಲಿ ಬೇಡ. ಮದುವೆ ನಿಂತಿತು. ಹುಡುಗಿ ಈಗ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಕರೆವ್ವನಿಗೆ ಮಾತು ಬರಲಿಲ್ಲ, ಆದರೆ ಮೊಮ್ಮಗಳನ್ನು ಕಂಡ ದಿನ ಆ ಕೈ ಆಡುವುದು ನಿಂತಿತು.

ಅಂದು ಹುಡುಗಿ ಮೇಲೆ ಬಂದಾದ ಮೇಲೆ ಹಗ್ಗವನ್ನು ಮತ್ತೆ ಕೆಳಗೆ ಬಿಟ್ಟೆ. ಯಾರೂ ಹಿಡಿಯಲಿಲ್ಲ. ಎರಡು ಸಲ ಕರೆದರೂ ಸದ್ದಿಲ್ಲ. ಹೊಟ್ಟೆಯ ಮೇಲೆ ಮಲಗಿ ತಲೆ ಒಳಗಿಟ್ಟು ನೋಡಿದೆ. ಮುರಿದ ಕಾಲು ಚಾಚಿ, ಹಣತೆಯನ್ನು ಮಡಿಲಿನಲ್ಲಿಟ್ಟುಕೊಂಡು ಮುನೀರಾಬಾಯಿ ನೆಲದ ಮೇಲೆ ಕೂತಿದ್ದಳು. ಒಂದು ಅಂಗೈ ನೆಲ ಸವರುತ್ತಿತ್ತು.

"ಮೇಡಂ! ಹ್ಯಾಂಗೈತ್ರಿ ಅಲ್ಲಿ?"

ಆಕೆ ಮುಖ ಎತ್ತಲಿಲ್ಲ. ಉತ್ತರ ಕೊಟ್ಟದ್ದೂ ನನಗಲ್ಲ.

"ದೀಪ ಉರಿಯಾಕತ್ತೈತಿ, ಭಾಯಿಜಾನ್" ಎಂದಳು.