ಒಂದು ಚಮಚ ಹೆಪ್ಪು

ಕೆಳಮನೆ ಅಂಕಲ್ ಬಲಗಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು. ಕೀಮೋಥೆರಪಿಯಿಂದ ತಲೆ ಬೋಳಾದ ಮೇಲೆ ಅದು ಇನ್ನಷ್ಟು ಎದ್ದು ಕಾಣುತ್ತಿತ್ತು. ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ನೋಡಿದವರು. ತರಕಾರಿ ಭಯ್ಯಾನನ್ನೂ ಬದನೆಕಾಯಿ ಯಾವ ಊರಿನದೆಂದು ವಿಚಾರಿಸದೆ ಬಿಡುತ್ತಿರಲಿಲ್ಲ.

ಅವರಿಗೆ ರಕ್ತದ ಕ್ಯಾನ್ಸರ್, ಮೂಳೆಮಜ್ಜೆ ಕಸಿ ಆಗಬೇಕು ಎಂದಾಗ ಮಜ್ಜೆ ಕೊಡಲು ಅವರ ತಮ್ಮ ಮೈಸೂರಿನಿಂದ ರೈಲು ಹತ್ತಿ ಬಂದೇಬಿಟ್ಟರು. ಆಮೇಲೆ ತಿಳಿಯಿತು, ಬೇರೆಯವರದು ಬೇಡವಂತೆ. ಇವರ ಮಜ್ಜೆಯ ಕೋಶಗಳನ್ನೇ ತೆಗೆದಿಟ್ಟು, ಜೋರು ಔಷಧಿಯಿಂದ ಒಳಗಿನದನ್ನೆಲ್ಲ ಸುಟ್ಟು, ಎತ್ತಿಟ್ಟದ್ದನ್ನು ಮರಳಿ ಹರಿಸುತ್ತಾರಂತೆ. ಆಸ್ಪತ್ರೆಯ ಫಾರಂನಲ್ಲಿ ದಾನಿಗೂ ರೋಗಿಗೂ ಏನು ಸಂಬಂಧ ಎಂಬ ಕಾಲಂ ಇತ್ತು. ಖಾಲಿ ಬಿಡಿ ಎಂದರು ನರ್ಸ್. ಕಾಲಂ ಖಾಲಿ ಬಿಟ್ಟು ಗೊತ್ತಿಲ್ಲದ ಅಂಕಲ್, ‘ಬಾಲ್ಯದಿಂದ ಪರಿಚಯ’ ಎಂದು ಬರೆದರು.

ಅಷ್ಟು ಸ್ವಲ್ಪ ಮಜ್ಜೆ ಇಡೀ ಮೈಗೆ ಸಾಲುತ್ತದೆಯೇ ಎಂಬ ಅವರ ಸಂಶಯ ಮಾತ್ರ ಡಾಕ್ಟರನ್ನು ಎಷ್ಟು ಕಾಡಿದರೂ ಹೋಗಲಿಲ್ಲ. ಅವರ ಹೆಂಡತಿ, ನಮ್ಮ ಆಂಟಿ, ಹಾಲಿನ ಪಾತ್ರೆ ಇಳಿಸುತ್ತ ಕೇಳಿದರು.

“ಹೆಪ್ಪಿಗೆ ಎಷ್ಟು ಬೇಕ್ರೀ? ಒಂದು ಚಮಚ.”

ಅಂಕಲ್ ಪೆನ್ಸಿಲ್ ತೆಗೆದು ಬರೆದುಕೊಂಡರು. ಬರೆದದ್ದನ್ನು ಓದಿ ನೋಡಿ, “ಹೆಪ್ಪಲ್ಲೇ ಹುಳಿ ಇದ್ರೆ? ತೆಗೆದಿಟ್ಟದ್ರಲ್ಲೇ ಕಾಯಿಲೆ ಇದ್ರೆ?” ಎಂದರು. ಆಂಟಿ ಪಾತ್ರೆಗೆ ತಟ್ಟೆ ಮುಚ್ಚಿದರು.

ಜನವರಿಯಲ್ಲಿ ಕಸಿ ನಡೆಯಿತು. ಅವರೊಬ್ಬರೇ ಇರಬೇಕಾದ ಆಸ್ಪತ್ರೆಯ ಕೋಣೆಯೊಳಗೆ ನಮ್ಮನ್ನು ಬಿಡುತ್ತಿರಲಿಲ್ಲ. ರಕ್ತದಲ್ಲಿ ಬಿಳಿ ಕಣಗಳು ಮತ್ತೆ ಕಾಣಿಸಿಕೊಂಡರೆ ಬದುಕಿದಂತೆ. ಆಂಟಿ ಬೆಳಗ್ಗೆ ಮೊಸರಿನ ಪಾತ್ರೆಗೆ ಸುತ್ತಿದ ಹಳೇ ಸ್ವೆಟರ್ ಬಿಚ್ಚಿ ನೋಡಿ, ಆಮೇಲೆ ಅಂಕಲ್‌ಗೆ ಫೋನ್ ಮಾಡಿ, “ಹೆಪ್ಪಾಯ್ತಾ?” ಎಂದು ಕೇಳುತ್ತಿದ್ದರು. ದೆಹಲಿ ಚಳಿ ಕಣೆ, ತಡ ಆಗತ್ತೆ ಎಂಬುದು ಅವರ ಉತ್ತರ. ಡಾಕ್ಟರ್ ಹೇಳಿದ ದಿನವೂ ದಾಟಿತು. ನಮಗೆ ಊಟ ಸೇರುತ್ತಿರಲಿಲ್ಲ. ಕೊನೆಗೊಂದು ಬೆಳಗ್ಗೆ ಅವರೇ ಫೋನ್ ಮಾಡಿ, “ಅಚ್ಛಾ, ಗಟ್ಟಿಯಾಗ್ತಿದೆ” ಎಂದರು. ಆಂಟಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟರು.

ಆಮೇಲೆ ಅಂಕಲ್ ಐದು ವರ್ಷ ಚೆನ್ನಾಗಿದ್ದರು. ಕಾಯಿಲೆ ಮರಳಿದಾಗ ನನ್ನನ್ನು ಹತ್ತಿರ ಕೂರಿಸಿಕೊಂಡರು.

“ಹುಳಿ ಹೆಪ್ಪಲ್ಲಿ ಉಳಿದಿತ್ತೋ, ಪಾತ್ರೇಲೇ ಉಳಿದಿತ್ತೋ, ಡಾಕ್ಟರಿಗೂ ಗೊತ್ತಿಲ್ವಂತೆ. ನೀನು ಕೇಳ್ತಾ ಇರಮ್ಮ.”

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ನನಗೆ ಪ್ರಶ್ನೆ ಕೇಳಲು ಕಲಿಸಿದವರು ಅವರು. ಪರಿಚಯವಾದ ಡಾಕ್ಟರನ್ನೆಲ್ಲ ಇದನ್ನು ಕೇಳಿದ್ದೇನೆ. ಮಗಳ ಮನೆಗೆ ಹೊರಟಾಗ ಆಂಟಿ ಕೊಟ್ಟ ಹೆಪ್ಪು ಈಗಲೂ ನನ್ನ ಮನೆಯಲ್ಲಿ ನಡೆದುಬಂದಿದೆ. ಬೆಳಗ್ಗೆ ಮುಚ್ಚಳ ತೆಗೆದರೆ ಮೊದಲು ಮೂಸಿ ನೋಡುತ್ತೇನೆ.