ಉಳಿದದ್ದರಲ್ಲಿ ಅರ್ಧ

ನಾನು ಮೂವತ್ತು ವರ್ಷ ಗಣಿತ ಕಲಿಸಿದವನು. ಒಂಬತ್ತಕ್ಕೆ ಮಲಗಿ ನಾಲ್ಕೂವರೆಗೆ ಏಳುವವನು. ಕತೆ ಕಟ್ಟುವ ಅಭ್ಯಾಸ ನನಗಿಲ್ಲ. ಹೋದ ಚಳಿಗಾಲದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಸಂಗತಿ. ಹೊಸನಗರದ ಕಡೆಯ ಶಾಲೆಯೊಂದರಲ್ಲಿದ್ದಾಗ ನಾಗವೇಣಿ ಎಂಬ ವಿದ್ಯಾರ್ಥಿನಿ ಪಾಠದ ನಡುವೆ ಎದ್ದು ನಿಂತಳು.

“ಮನೆಗೆ ಹೋಗ್ಬೇಕು ಸಾರ್. ಅಮ್ಮಂಗೆ ತುಂಬಾ ಹುಷಾರಿಲ್ಲ.”

ನನ್ನ ಪೀರಿಯಡ್ಡಿನಲ್ಲಿ ಯಾರೂ ಎದ್ದು ಹೋಗುವಂತಿರಲಿಲ್ಲ. ಅಂದು ಹೇಳುತ್ತಿದ್ದುದು ಪ್ರಾಚೀನ ಗ್ರೀಕ್ ತತ್ವಜ್ಞಾನಿಯೊಬ್ಬನ ಒಗಟು. ಬಾಗಿಲು ಮುಟ್ಟಲು ಮೊದಲು ಅರ್ಧ ದೂರ ಹೋಗಬೇಕು, ಆಮೇಲೆ ಉಳಿದದ್ದರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ… ಅರ್ಧಗಳಿಗೆ ಕೊನೆಯಿಲ್ಲ. ಹಾಗಾಗಿ ಬಾಗಿಲು ಸಿಗುವುದೇ ಇಲ್ಲ.

“ಹೋಗಮ್ಮ, ಧಾರಾಳವಾಗಿ ಹೋಗು. ಆದ್ರೆ ಪ್ರತಿ ಸಲ ಉಳಿದದ್ರಲ್ಲಿ ಅರ್ಧ ಮಾತ್ರ,” ಎಂದೆ.

ತರಗತಿ ನಕ್ಕಿತು. ಹೊಸ್ತಿಲಿಗೆ ಬೆರಳಗಲ ಬಿಟ್ಟು ಅವಳು ಬೆಲ್ ಆಗುವವರೆಗೆ ನಿಂತಿದ್ದಳು. ಮನೆ ತಲುಪುವಷ್ಟರಲ್ಲಿ ತಾಯಿಯ ಉಸಿರು ನಿಂತಿತ್ತು.

ಈಗ ಆ ರಾತ್ರಿ. ನನ್ನ ತಂಗಿ ಸರೋಜಳ ಮನೆ ಹೊನ್ನೆಮರಡಿನ ದಾರಿಯಲ್ಲಿದೆ. ಭಾವ ತೀರ್ಥಹಳ್ಳಿಗೆ ಹೋಗಿದ್ದರು. ನಾನು ಸಾಗರದಲ್ಲಿದ್ದೆ. ತಂಗಿಯ ಪಕ್ಕದ ಮನೆಯ ಮಂಜಪ್ಪ ಫೋನ್ ಮಾಡಿದ.

“ಸಾರ್, ಸರೋಜಕ್ಕಂಗೆ ಉಬ್ಬಸ ಜೋರಾಗಿದೆ. ಉಸಿರಿಗೆ ಎಳ್ಕೊಳ್ಳೋ ಪಂಪು ಖಾಲಿಯಂತೆ. ನೀವು ಅದನ್ನ ತನ್ನಿ, ನಾನು ಜೀಪ್ ನೋಡ್ತೀನಿ.”

ಪಂಪು ಕೊಂಡು, ಕೊನೆಯ ಬಸ್ಸಿನಲ್ಲಿ ಬಂದು ಕ್ರಾಸಿನಲ್ಲಿ ಇಳಿದೆ. ಅಲ್ಲಿಂದ ಅವಳ ಗೇಟಿಗೆ ಎಂಟುನೂರು ಹೆಜ್ಜೆ. ಎಣಿಸಿಯೇ ನಡೆಯುವುದು ನನ್ನ ರೂಢಿ.

ನಾನೂರಕ್ಕೆ ಕರೆಂಟ್ ಕಂಬ. ಆರುನೂರಕ್ಕೆ ಮೋರಿ. ಏಳುನೂರಕ್ಕೆ ಗೇಟು ಕಂಡಿತು. ಏಳುನೂರೈವತ್ತು… ಜೀರುಂಡೆಗಳ ಸದ್ದು ನಿಂತಿತು. ಗಾಳಿಯಲ್ಲಿ ಸೀಮೆಸುಣ್ಣದ ವಾಸನೆ.

ನನ್ನ ಹೆಜ್ಜೆ ಕಿರಿದಾಗತೊಡಗಿತು. ಒಂದು ಗೇಣು… ಒಂದು ಬೆರಳು… ಉಗುರಿನಷ್ಟು… ಚಾಚಿದ ಕೈಗೂ ಗೇಟಿನ ಚಿಲಕಕ್ಕೂ ಕೂದಲೆಳೆಯ ಅಂತರ. ಅದು ಮುಗಿಯಲಿಲ್ಲ.

ಬೆನ್ನ ಹಿಂದೆ ಮಕ್ಕಳು ನಕ್ಕರು. ಒಂದು ತರಗತಿಯಷ್ಟು ಮಕ್ಕಳು.

ಜಗಲಿಯ ದೀಪದಡಿ ತಂಗಿ ಕಂಡಳು. “ಅಣ್ಣಯ್ಯ… ಬಂದ್ಯಾ? ಒಳಗೆ ಬಾ…”

“ಬಂದೆ ಕಣೇ. ಬಂದೆ.”

ಪಂಪನ್ನು ಗೇಟಿನ ಮೇಲಿಂದ ಎಸೆದೆ. ಅಂಗಳದ ನಟ್ಟನಡುವೆ ಬಿತ್ತು. ಅವಳು ಜಗಲಿ ಇಳಿದು ತೆವಳಿದಳು. ಸಿಳ್ಳೆಯಂಥ ಉಸಿರು. ಬೆರಳಿಗೂ ಪಂಪಿಗೂ ಒಂದು ಗೇಣು… ಅರ್ಧ ಗೇಣು… ಅದರಲ್ಲಿ ಅರ್ಧ… ಅವಳು ಪಂಪನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಜೀಪಿನ ಬೆಳಕು ಬಿದ್ದೊಡನೆ ನನ್ನ ಕೈ ಚಿಲಕ ಮುಟ್ಟಿತು.

“ಎಂತ ಸಾರ್, ಗೇಟಲ್ಲೇ ನಿಂತ್ಬಿಟ್ರಾ?” ಎಂದ ಮಂಜಪ್ಪ.

ತಂಗಿಯ ಕೈ ಚಾಚಿಯೇ ಇತ್ತು. ಉಸಿರಿರಲಿಲ್ಲ. ಗಡಿಯಾರ ನೋಡಿದೆ. ಎಂಟು ನಿಮಿಷದ ದಾರಿಗೆ ನಲವತ್ತು ನಿಮಿಷ ಹೆಚ್ಚಾಗಿತ್ತು. ಸರಿಯಾಗಿ ಒಂದು ಪೀರಿಯಡ್ಡು.

ವೈಕುಂಠ ಸಮಾರಾಧನೆಗೆ ನಾಗವೇಣಿ ಬಂದಿದ್ದಳು. ಸಾಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ತಂಗಿ ಅಲ್ಲೇ ರವಿಕೆ ಹೊಲಿಸುತ್ತಿದ್ದಳಂತೆ. ಊಟ ಮುಗಿಸಿ, ಕೈಮುಗಿದು, ಮೆಲ್ಲಗೆ ಕೇಳಿದಳು.

“ಎಷ್ಟು ದೂರ ಬಾಕಿ ಇತ್ತು ಸಾರ್?”

ಗೇಟಿನಲ್ಲಿ ನನಗಾದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಈಗಲೂ ನಾಲ್ಕೂವರೆಗೇ ಏಳುತ್ತೇನೆ. ಹಾಸಿಗೆಯಿಂದ ಕೋಣೆಯ ಬಾಗಿಲಿಗೆ ಯಾವಾಗಲೂ ಆರು ಹೆಜ್ಜೆ. ಇವತ್ತು ಏಳು ಹೆಜ್ಜೆಯಾಯಿತು.